ಬಸ್ಸಿಗಾಗಿ ಬಿಟ್ಟ ರೀಲು

ಆಳಂದದ ಕೇಬಲ್ ಟೀವಿಯಲ್ಲಿ ಪ್ರತಿ ಶುಕ್ರವಾರ ಸಂಜೆ ಏಳೂವರೆಗೆ ಪ್ರತ್ಯಕ್ಷನಾಗಿ ಸಿನಿಮಾಗಳಿಗೆ ಶಿಕ್ಷೆ ವಿಧಿಸುತ್ತಿದ್ದವನು ನಾನು. ವಾರದ ಉಳಿದ ದಿನಗಳಲ್ಲಿ ಅದೇ ಕುರ್ಚಿಯಲ್ಲಿ, ಅದೇ ಕೋಟಿನಲ್ಲಿ ನಿಧನವಾರ್ತೆ ಓದುತ್ತಿದ್ದೆ. ಎರಡೂ ಕೆಲಸಕ್ಕೆ ಒಂದೇ ಮುಖಭಾವ ಸಾಕಾಗುತ್ತಿತ್ತು. ಶುಕ್ರವಾರದ ಕ್ಯಾಸೆಟ್ಟು ಶನಿವಾರ ಬೆಳಗಿನ ಬಸ್ಸು ಹತ್ತಿ ಅಫಜಲಪುರಕ್ಕೂ ಜೇವರ್ಗಿಗೂ ಹೋಗುತ್ತಿತ್ತು. ಅಲ್ಲಿಯೂ ನಮ್ಮ ಧಣಿಯ ಕೇಬಲ್ಲೇ ಇತ್ತು. ಹೀಗೆ ಮೂರು ತಾಲೂಕುಗಳ ಅಭಿರುಚಿಗೆ ನಾನೊಬ್ಬನೇ ಹೊಣೆಗಾರನಾಗಿದ್ದೆ. ಈ ಮಾತನ್ನು ಹಿಂದೆ ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ತಪ್ಪೊಪ್ಪಿಗೆಯ ಮೊದಲ ಸಾಲಾಗಿ ಬರೆಯುತ್ತಿದ್ದೇನೆ.

ಈಗ ಫೋನು ಎದುರಿಗಿಟ್ಟುಕೊಂಡು ವಿಮರ್ಶೆ ಹೇಳುವ ತರುಣ ತರುಣಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. 'ಸರ್, ನಿಮ್ಮ ಅನುಭವ ಹೇಳ್ರಿ, ನಮಗ ಉಪಯೋಗ ಆಗ್ತದ' ಅನ್ನುತ್ತಾರೆ. ಉಪಯೋಗ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ನನ್ನ ಒಂದು ತೀರ್ಪಿನಿಂದ ಜೇವರ್ಗಿಯ ಒಬ್ಬ ಹೆಣ್ಣುಮಗಳು ತನ್ನ ತಾಯಿಯ ದನಿಯನ್ನು ಕಳೆದುಕೊಂಡಳು. ಅದನ್ನು ವಾಪಸು ಕೊಡಲು ನನ್ನಿಂದ ಆಗಲಿಲ್ಲ. ಹೇಳಬೇಕಾದ ಅನುಭವ ಅದೊಂದೇ. ಆದರೆ ಅದು ಅರ್ಥವಾಗಬೇಕಾದರೆ ನಾವು ಕೆಲಸ ಮಾಡುತ್ತಿದ್ದ ರೀತಿ ಮೊದಲು ತಿಳಿಯಬೇಕು.

ನಮ್ಮ ಧಣಿ ಚನ್ನವೀರಪ್ಪ ಸಾವ್ಕಾರರು. ಮೊದಲು ಬೀಜ ಗೊಬ್ಬರದ ವ್ಯಾಪಾರ, ಆಮೇಲೆ ಕೇಬಲ್. ಎರಡನ್ನೂ ಅವರು ಒಂದೇ ತತ್ವದಲ್ಲಿ ನಡೆಸುತ್ತಿದ್ದರು: ಚೀಲ ಖಾಲಿಯಾದರೆ ಮತ್ತೆ ತುಂಬಬೇಕು. ಕ್ಯಾಸೆಟ್ಟುಗಳಿಗೂ ಅದೇ ನ್ಯಾಯ. ಮೂರೂ ಕಡೆ ಪ್ರಸಾರವಾಗಿ ಬಂದ ಕ್ಯಾಸೆಟ್ಟಿನ ಮೇಲೆ ಮರುದಿನವೇ ಇನ್ನೊಂದು ರೆಕಾರ್ಡ್ ಆಗುತ್ತಿತ್ತು. ನನ್ನ ಹೆಚ್ಚಿನ ವಿಮರ್ಶೆಗಳು ಹೀಗೆ ಅಳಿದುಹೋದವು. ಅದಕ್ಕಾಗಿ ಆಗ ಕೊರಗುತ್ತಿದ್ದೆ. ಈಗ ಸಾವ್ಕಾರರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ನಕ್ಷತ್ರ ಕೊಡುವ ಪದ್ಧತಿ ಬೇರೆ ಕಡೆ ಇತ್ತು. ಸಾವ್ಕಾರರು ಒಪ್ಪಲಿಲ್ಲ. 'ನಕ್ಷತ್ರ ಯಾವನಿಗಿ ಬೇಕೋ ಮಲ್ಲಣ್ಣ? ನಮ್ಮ ಮಂದಿಗಿ ತಿಳಿಯೋದು ಕೊಡು' ಎಂದರು. ಹಾಗಾಗಿ ರಟ್ಟನ್ನು ದುಂಡಗೆ ಕತ್ತರಿಸಿ, ಬಣ್ಣ ಬಳಿದು ಐದು ಜೋಳದ ರೊಟ್ಟಿ ಮಾಡಿಸಿದೆವು. ನನ್ನ ಹಿಂದೆ ಒಂದು ದಾರ ಕಟ್ಟಿತ್ತು. ಕೊನೆಯಲ್ಲಿ ನಾನು ಎದ್ದು, ಸಿನಿಮಾದ ಯೋಗ್ಯತೆಗೆ ತಕ್ಕಷ್ಟು ರೊಟ್ಟಿಗಳನ್ನು ದಾರಕ್ಕೆ ಸಿಕ್ಕಿಸಬೇಕು. ತೀರಾ ಕಳಪೆ ಚಿತ್ರಗಳಿಗೆಂದು ಅರ್ಧ ರೊಟ್ಟಿಯೂ ಒಂದಿತ್ತು. ಅದನ್ನು ಸಿಕ್ಕಿಸುವಾಗ ನಾನು ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮರಣದಂಡನೆ ಬರೆಯುವವರು ಹಾಗೆ ಮಾಡುತ್ತಾರೆ ಎಂದು ಎಲ್ಲೋ ಕೇಳಿದ್ದೆ.

ಸಂತೆಯಲ್ಲಿ ಜನ ನಿಲ್ಲಿಸಿ ಕೇಳುತ್ತಿದ್ದರು: 'ಮಲ್ಲಣ್ಣೋರೆ, ಈ ವಾರ ಎಷ್ಟು ರೊಟ್ಟಿರೀ?' ಒಂದೂವರೆ ಅಂದರೆ ಅಷ್ಟಕ್ಕೇ ತಿರುಗಿ ಮನೆಗೆ ಹೋಗುವವರಿದ್ದರು. ನನ್ನ ಮಾತಿಗೆ ಅಷ್ಟು ತೂಕವಿತ್ತು. ತೂಕದ ಕಲ್ಲು ಸರಿ ಇದೆಯೋ ಇಲ್ಲವೋ ಎಂದು ನೋಡುವ ಇಲಾಖೆ ವಿಮರ್ಶೆಗೆ ಇರಲಿಲ್ಲ.

ಆ ತೀರ್ಪುಗಳು ಹೇಗೆ ಮುದಿಯಾದವು ಎಂದು ಕೇಳಬೇಡಿ. 'ಈ ಹುಡುಗ ದೀಪಾವಳಿಯ ತನಕ ಉಳಿದರೆ ನಾನು ಮೀಸೆ ಬೋಳಿಸುತ್ತೇನೆ' ಎಂದು ಒಬ್ಬ ಹೊಸ ನಾಯಕನ ಬಗ್ಗೆ ಹೇಳಿದ್ದೆ. ಅವನ ಆಳೆತ್ತರದ ಚಿತ್ರಗಳು ಆಮೇಲೆ ಎಷ್ಟೋ ವರ್ಷ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನೇ ನೋಡುತ್ತಿದ್ದವು. ನನ್ನ ಮೀಸೆ ಉಳಿಯಿತು, ಅವನೂ ಉಳಿದ. ಐದಕ್ಕೆ ಐದು ರೊಟ್ಟಿ ಕೊಟ್ಟ ಒಂದು ಚಿತ್ರವಿತ್ತು. ಅದರ ಹೆಸರು ಈಗ ನನಗೇ ನೆನಪಿಲ್ಲ.

ಇವೆಲ್ಲ ಸಾಮಾನ್ಯ ತಪ್ಪುಗಳು. ಬೆಂಗಳೂರಿನ ದೊಡ್ಡ ಚಾನೆಲ್ಲಿನವರೂ ಮಾಡುತ್ತಾರೆ. ನನ್ನ ತಪ್ಪಿಗೆ ಕಾರಣ ಬೇರೆ ಇತ್ತು. ಬಸ್ಸು.

ಕಾರ್ಯಕ್ರಮದ ರೆಕಾರ್ಡಿಂಗ್ ಸಂಜೆ ಆರಕ್ಕೆ. ಆದ್ದರಿಂದ ಶುಕ್ರವಾರ ಹೊಸ ಚಿತ್ರವನ್ನು ನಾನು ಮ್ಯಾಟಿನಿಯಲ್ಲೇ ನೋಡಬೇಕಿತ್ತು. ಆಳಂದದ ಟಾಕೀಸಿನವರು ಬಾಲ್ಕನಿಯಲ್ಲಿ ಒಂದು ಕುರ್ಚಿ ನನ್ನ ಹೆಸರಿಗೆ ಬಿಟ್ಟಿದ್ದರು. ಇಪ್ಪತ್ತು ವರ್ಷದ ಹತ್ತಿರ ಹತ್ತಿರ ನಾನು ಕೂತದ್ದು ಅದೇ ಆಟಕ್ಕೆ, ಅದೇ ಕುರ್ಚಿಯಲ್ಲಿ. ನೋಡಿದ ಬಹುತೇಕ ಚಿತ್ರಗಳಲ್ಲಿ ನನಗೆ ಒಂದೇ ದೋಷ ಕಂಡಿತು. ಮಧ್ಯಂತರದವರೆಗೆ ಚೆನ್ನಾಗಿ ಹೋಗುತ್ತಿದ್ದ ಕತೆ ಆಮೇಲೆ ಎಲ್ಲೋ ಒಂದು ಕಡೆ ಧಡಕ್ಕನೆ ಹಾರುತ್ತಿತ್ತು. ಈಗ ಜಗಳವಾಡಿದ ಅಣ್ಣ ತಮ್ಮಂದಿರು ಮರುಕ್ಷಣ ಒಂದೇ ತಟ್ಟೆಯಲ್ಲಿ ಊಟ ಮಾಡುತ್ತಿದ್ದರು. ಗಟ್ಟಿಮುಟ್ಟಾಗಿದ್ದ ತಾಯಿ ಇದ್ದಕ್ಕಿದ್ದಂತೆ ಗೋಡೆಯ ಫೋಟೋದಲ್ಲಿರುತ್ತಿದ್ದಳು. 'ದ್ವಿತೀಯಾರ್ಧದಲ್ಲಿ ನಿರ್ದೇಶಕರು ಜಾರಿದ್ದಾರೆ' ಎಂಬುದು ನನ್ನ ಹೆಸರಾಂತ ವಾಕ್ಯವಾಯಿತು. ಶಾಲೆಯ ಮಕ್ಕಳು ನನ್ನನ್ನು ಅಣಕಿಸುವಾಗ ಅದನ್ನೇ ಹೇಳುತ್ತಿದ್ದರು.

ನನ್ನ ಹೆಂಡತಿ ನೀಲಮ್ಮ ಪಕ್ಕದ ಮನೆಯವರ ಜೊತೆ ಸಂಜೆಯ ಆಟಕ್ಕೆ ಹೋಗುತ್ತಿದ್ದಳು. ಒಮ್ಮೆ ಬಂದು ಅಂದಳು: 'ತಾಯಿ ಹೆಂಗ ಸತ್ಳು ಅಂತ ತೋರಿಸಿಲ್ಲ ಅಂದ್ರಲ್ಲ ಟೀವ್ಯಾಗ? ಅಷ್ಟು ಚಂದ ತೋರಿಸ್ಯಾರ. ನಾವೆಲ್ಲಾ ಅತ್ತೇವಿ.'

'ನೀ ನಿದ್ದಿ ಹತ್ತಿ ಕನಸು ಕಂಡಿರ್ಬೇಕು.'

'ನಾಕು ಮಂದಿಗಿ ಒಂದೇ ಕನಸು ಬೀಳ್ತದೇನ್ರಿ?'

'ನಾಕೂ ಮಂದಿ ಒಂದೇ ಬಾಲ್ಕನ್ಯಾಗ ಮಲಗಿದ್ರ ಬೀಳ್ತದ' ಎಂದೆ. ಉತ್ತರ ಚೆನ್ನಾಗಿತ್ತು. ನನಗೆ ಉತ್ತರ ಚೆನ್ನಾಗಿದ್ದರೆ ಸಾಕಾಗುತ್ತಿತ್ತು.

ಇನ್ನು ಸಂಗಣ್ಣನ ಮಾತು.

ಸಂಗಣ್ಣ ನೆಲೋಗಿಯವನು. ಜೇವರ್ಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಮದುವೆ, ಪಾಸ್‌ಪೋರ್ಟ್ ಸೈಜು, ತೀರಿಕೊಂಡವರ ಫೋಟೋಗೆ ಹಾರ ಹಾಕಿದಂತೆ ಬಣ್ಣ ತುಂಬುವುದು, ಇಂಥ ಕೆಲಸ. ಅವನಿಗೆ ಒಂದು ಸಿನಿಮಾ ಮಾಡುವ ಹುಚ್ಚು. ನೆಲೋಗಿಯ ತನ್ನದೇ ಮನೆ, ಹೊಲ, ಬಳಗವನ್ನೆಲ್ಲ ಬಳಸಿಕೊಂಡು ಒಂದು ಚಿತ್ರ ಮಾಡಿಯೇಬಿಟ್ಟ. ಹೆಸರು 'ಹಗೇವಿನ ಬಾಯಿ'. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡುವ ಕಣಜ. ಬಹಳ ದಿನ ಮುಚ್ಚಿಟ್ಟ ಹಗೇವಿನ ಬಾಯಿ ತೆರೆದಾಗ ಒಳಗಿನ ಗಾಳಿ ವಿಷವಾಗಿರುತ್ತದೆ. ಮೊದಲು ಕಂದೀಲು ಇಳಿಬಿಟ್ಟು ನೋಡಬೇಕು. ಅದು ಆರಿದರೆ ಮನುಷ್ಯ ಇಳಿಯಬಾರದು. ಅಣ್ಣ ತಮ್ಮಂದಿರು ಪಾಲಾಗುವ ಹೊತ್ತಿಗೆ, ಹಗೇವಿನಲ್ಲಿ ಎಷ್ಟು ಜೋಳವಿದೆ ಎಂದು ನೋಡಲು ಅಣ್ಣ ಹಟಕ್ಕೆ ಬಿದ್ದು ಇಳಿಯುತ್ತಾನೆ. ಅದೇ ಕತೆ. ನಾಯಕಿಯಾಗಿ ಬರಬೇಕಿದ್ದ ನಟಿ ಕೈಕೊಟ್ಟಿದ್ದರಿಂದ ಆ ಅಣ್ಣನ ಹೆಂಡತಿಯ ಪಾತ್ರವನ್ನು ಸಂಗಣ್ಣನ ಹೆಂಡತಿ ಶಾಂತಾಬಾಯಿಯೇ ಮಾಡಿದ್ದಳು.

ಚಿತ್ರ ಮೊದಲು ಆಳಂದದಲ್ಲಿ, ಮುಂದಿನ ವಾರಗಳಲ್ಲಿ ಅಫಜಲಪುರ, ಜೇವರ್ಗಿಯಲ್ಲಿ ಎಂದು ನಿಶ್ಚಯವಾಗಿತ್ತು. ಗುರುವಾರ ಸಂಗಣ್ಣ ನಮ್ಮ ಆಫೀಸಿಗೆ ಬಂದ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಒಂದು ಕ್ಯಾಸೆಟ್ಟು ಟೇಬಲ್ಲಿನ ಮೇಲಿಟ್ಟ.

'ಎರಡು ಸೀನ್ ಅವರಿ ಇದರಾಗ. ನಿಮ್ಮ ಕಾರ್ಯಕ್ರಮದಾಗ ತೋರ್ಸಾಕ. ಜರಾ ಜತನ ಮಾಡ್ರಿ, ನನ್ನ ಹಂತ್ಯಾಕ ಇದೊಂದೇ ಅದ.'

'ಹಗೇವಿನ್ಯಾಗ ಇಟ್ಟಂಗ ಇಡ್ತೇವಿ' ಎಂದೆ. ಅವನು ನಕ್ಕ.

ಶುಕ್ರವಾರ ಮ್ಯಾಟಿನಿ ನೋಡಿದೆ. ನಿಜ ಹೇಳಬೇಕೆಂದರೆ ಮಧ್ಯಂತರದವರೆಗೆ ಮೈಮರೆತಿದ್ದೆ. ನಮ್ಮ ಮಾತು, ನಮ್ಮ ಅಂಗಳ, ಹೊಗೆ ಹಿಡಿದ ನಮ್ಮ ಅಡುಗೆಮನೆ ಅಷ್ಟು ದೊಡ್ಡ ಪರದೆಯ ಮೇಲೆ ಬಂದದ್ದನ್ನು ಅದುವರೆಗೆ ನೋಡಿರಲಿಲ್ಲ. ಆಮೇಲೆ ಎಂದಿನಂತೆ ಕತೆ ಹಾರಿತು. ಅಣ್ಣ ಹಗ್ಗ ಹೆಗಲಿಗೆ ಹಾಕಿಕೊಂಡು ಹಗೇವಿನ ಕಡೆ ನಡೆಯುತ್ತಾನೆ. ಮುಂದಿನ ದೃಶ್ಯದಲ್ಲಿ ಮನೆ ತುಂಬ ಜನ, ಅಳು, ಅವನಿಲ್ಲ. ಹೇಗೆ ಸತ್ತ, ಯಾರು ನೋಡಿದರು, ಒಂದೂ ಇಲ್ಲ. ನನಗೆ ಸಿಟ್ಟು ಬಂತು. ಅಷ್ಟೊತ್ತು ನಂಬಿಸಿ ಕೊನೆಗೆ ಮೋಸ ಮಾಡಿದನಲ್ಲ ಎಂಬ ಸಿಟ್ಟು. ಇಷ್ಟವಾಗಲು ಶುರುವಾಗಿದ್ದ ಚಿತ್ರದ ಮೇಲೆ ಬರುವ ಸಿಟ್ಟು ಕಳಪೆ ಚಿತ್ರದ ಮೇಲೆ ಬರುವುದಿಲ್ಲ.

ನಮ್ಮಲ್ಲಿ ತುಣುಕು ತೋರಿಸುವ ತಾಂತ್ರಿಕ ವ್ಯವಸ್ಥೆ ಅತ್ಯಂತ ಮುಂದುವರಿದದ್ದಾಗಿತ್ತು. ನನ್ನ ಪಕ್ಕದಲ್ಲಿ ಒಂದು ಟೀವಿ ಇಟ್ಟು ಅದರಲ್ಲಿ ಕ್ಯಾಸೆಟ್ಟು ಹಾಕುವುದು, ಕ್ಯಾಮರಾವನ್ನು ಆ ಟೀವಿಯ ಕಡೆ ತಿರುಗಿಸುವುದು, ನಾನು ಮಾತಾಡುತ್ತಾ ಹೋಗುವುದು. ಕೋಣೆಗೆ ಒಂದೇ ಮೈಕು. ಟೀವಿಯ ದನಿಯೂ ನನ್ನ ದನಿಯೂ ಅದರಲ್ಲೇ ಇಳಿಯಬೇಕು.

ಕ್ಯಾಸೆಟ್ಟು ಹಾಕಿದರೆ ಏನು ನೋಡುವುದು! ಹಗೇವಿನ ಬಾಯಿಯ ಬಳಿ ಶಾಂತಾಬಾಯಿ ಮೊಣಕಾಲೂರಿ ಕೂತು, ಒಳಗೆ ಬಾಗಿ ಗಂಡನನ್ನು ಕೂಗುತ್ತಿದ್ದಾಳೆ. ಈ ದೃಶ್ಯವೇ ನಾನು ನೋಡಿದ ಚಿತ್ರದಲ್ಲಿರಲಿಲ್ಲ. ಸಾಮಾನ್ಯ ಬುದ್ಧಿಯ ಮನುಷ್ಯನಾಗಿದ್ದರೆ ಅಲ್ಲಿಗೇ ನಿಂತು, ಯಾಕೆ ಎಂದು ವಿಚಾರಿಸುತ್ತಿದ್ದ. ನಾನು ವಿಮರ್ಶಕನಾಗಿದ್ದೆ. ನನಗೆ ಅದರಲ್ಲಿ ಒಂದು ಒಳ್ಳೆಯ ವಾಕ್ಯ ಕಂಡಿತು.

'ವೀಕ್ಷಕರೇ' ಎಂದೆ, 'ಈ ಮಹಿಳೆ ಯಾರನ್ನು ಕೂಗುತ್ತಿದ್ದಾರೆ? ಚಿತ್ರ ನೋಡಿದವರಿಗೆ ಗೊತ್ತಾಗುವುದಿಲ್ಲ. ಯಾಕೆಂದರೆ ಈ ದೃಶ್ಯ ಕ್ಯಾಸೆಟ್ಟಿನಲ್ಲಿದೆ, ಚಿತ್ರದಲ್ಲಿಲ್ಲ. ಅಂಗಡಿಯ ಬಾಗಿಲಲ್ಲಿ ತೂಗುಹಾಕಿದ ಸೀರೆ ಅಂಗಡಿಯೊಳಗೆ ಇಲ್ಲ! ನಿರ್ದೇಶಕರು ತಮ್ಮ ನಾಯಕನನ್ನು ಹಗೇವಿಗೆ ಇಳಿಸಿ, ಅವನನ್ನು ಚಿತ್ರೀಕರಿಸಲು ಮರೆತಿದ್ದಾರೆ.' ಕ್ಯಾಮರಾ ಹಿಡಿದವನು ನಕ್ಕಿದ್ದು ಮೈಕಿನಲ್ಲಿ ಬಂತು. ನಾನು ಎದ್ದು, ಕಣ್ಣು ಮುಚ್ಚಿ, ಅರ್ಧ ರೊಟ್ಟಿ ಸಿಕ್ಕಿಸಿದೆ.

ಮರುದಿನ ಬೆಳಿಗ್ಗೆ ಸಂಗಣ್ಣ ಬಂದ. ನಾನೂ ಸಾವ್ಕಾರರೂ ಚಾ ಕುಡಿಯುತ್ತಿದ್ದೆವು.

'ಸರ, ಆ ಸೀನ್ ಪಿಚ್ಚರ್‌ದಾಗ ಅದರೀ. ನಿನ್ನಿ ಸಂಜಿ ಆಟದಾಗ ನಾನೇ ಕುಂತು ನೋಡೇನಿ.'

'ನಾನೂ ಕುಂತೇ ನೋಡೇನ್ರಿ. ನಿಂತು ನೋಡಿಲ್ಲ.'

ಸಾವ್ಕಾರರು ನಕ್ಕರು. ಸಂಗಣ್ಣ ನಗಲಿಲ್ಲ.

'ಹಂಗಲ್ರಿ. ನೀವು ಇನ್ನೊಮ್ಮಿ ನೋಡ್ರಿ. ಇವತ್ತು ಸಂಜಿ ಆಟಕ್ಕ ಬರ್ರಿ, ನಿಮ್ಮ ಬಾಜೂಕೇ ನಾ ಕುಂದರ್ತೇನಿ. ಆ ಸೀನ್ ಬರ್ಲಿಲ್ಲಂದ್ರ ನೀವು ಹೇಳಿದಂಗ ಕೇಳ್ತೇನಿ.'

'ಒಂದು ಪಿಚ್ಚರ್ ಒಮ್ಮಿ ನೋಡಾಂವ ವಿಮರ್ಶಕ. ಎರಡು ಸಲ ನೋಡಿದ್ರ ಅಭಿಮಾನಿ ಆಗ್ತಾನ. ನನಗ ಆ ಅಧಿಕಾರ ಇಲ್ರಿ' ಎಂದೆ.

ಈ ಮಾತನ್ನು ಸಾವ್ಕಾರರು ಆಮೇಲೆ ವರ್ಷಗಟ್ಟಲೆ ಮಂದಿಗೆ ಹೇಳಿ ನನ್ನನ್ನು ಹೊಗಳಿದರು. ಸಂಗಣ್ಣ ಆಗ ಮೆಲ್ಲಗೆ, 'ಕ್ಯಾಸೆಟ್ಟರೆ ಕೊಡ್ರಿ. ಅದರಾಗ ನಮ್ಮಾಕಿ ಅದಾಳ' ಎಂದ. ಕ್ಯಾಸೆಟ್ಟು ಎಲ್ಲಿಟ್ಟೆವೆಂದು ಯಾರಿಗೂ ಗೊತ್ತಿರಲಿಲ್ಲ. ಮುಂದಿನ ವಾರ ಬರಲು ಹೇಳಿದೆವು. ಮುಂದಿನ ವಾರ ಅದು ಸಿಕ್ಕಿತು. ಅದರ ಮೇಲೆ ಹತ್ತಿಬೀಜದ ಜಾಹೀರಾತು ಕೂತಿತ್ತು.

ಶನಿವಾರದ ಬಸ್ಸಿನಲ್ಲಿ ನನ್ನ ಅರ್ಧ ರೊಟ್ಟಿ ಅಫಜಲಪುರಕ್ಕೂ ಜೇವರ್ಗಿಗೂ ಹೋಯಿತು. ಎರಡೂ ಕಡೆಯ ಟಾಕೀಸಿನವರು ಚಿತ್ರ ಬೇಡವೆಂದರು. ಸಂಗಣ್ಣನ ಸ್ವಂತ ಊರಿನವರು ಆ ಚಿತ್ರ ನೋಡಲೇ ಇಲ್ಲ, ನನ್ನ ವಿಮರ್ಶೆ ಮಾತ್ರ ನೋಡಿದರು. ಇದ್ದ ಒಂದೇ ಪ್ರಿಂಟು ನೆಲೋಗಿಯ ತಗಡಿನ ಮನೆಯಲ್ಲಿ ಬಿಸಿಲಿಗೆ ಬೆಂದು, ಸುರುಳಿ ಸುರುಳಿಗೆ ಅಂಟಿ ಗಟ್ಟಿಯಾಯಿತು. ಮೂಲ ಫಿಲ್ಮು ಇಟ್ಟಿದ್ದ ಲ್ಯಾಬು ಮುಚ್ಚಿಹೋಯಿತು. ಮುಂದಿನ ವರ್ಷ ಶಾಂತಾಬಾಯಿ ಕಾಮಾಲೆಯಿಂದ ತೀರಿಕೊಂಡಳು. ಮಗಳಿಗೆ ಆಗ ಮೂರು ವರ್ಷ. ನಿಧನವಾರ್ತೆಯನ್ನು ನಾನೇ ಓದಿದೆ. ಯಾರೆಂದು ಹೊಳೆಯಲಿಲ್ಲ. ಸಂಗಣ್ಣ ಸ್ಟುಡಿಯೋ ಮುಚ್ಚಿ ಹೊಲಿಗೆ ಮಷೀನ್ ರಿಪೇರಿಯ ಅಂಗಡಿ ಹಾಕಿದ ಎಂದು ಆಮೇಲೆ ಯಾರೋ ಅಂದರು. 'ಒಳ್ಳೇದಾತು, ಹೊಲಿಗಿಯರೆ ಜೋಡಿಸೋದು ಕಲೀಲಿ' ಎಂದೆ. ಇದೂ ನನ್ನ ಮಾತೇ. ಮುಚ್ಚಿಡುವುದಿಲ್ಲ.

ಹೀಗೆ ವರ್ಷಗಳು ಕಳೆದವು. ಆಳಂದದ ಟಾಕೀಸಿಗೆ ಹೊಸ ಯಂತ್ರ ಬಂತು. ರೀಲಿನ ಡಬ್ಬಿಗಳು ಹೋದವು, ಸಿನಿಮಾ ಆಕಾಶದಿಂದ ನೇರ ಇಳಿಯತೊಡಗಿತು. ಅದೇ ಕಾಲಕ್ಕೆ ನಾನೊಂದು ವಿಸ್ಮಯ ಗಮನಿಸಿದೆ. ಕತೆಗಳು ಹಾರುವುದು ನಿಂತಿತ್ತು. ಜಗಳವಾಡಿದ ಅಣ್ಣ ತಮ್ಮಂದಿರು ಕಾರಣ ಕೊಟ್ಟೇ ಒಂದಾಗುತ್ತಿದ್ದರು. ತಾಯಂದಿರು ಕ್ರಮವಾಗಿ ಸಾಯುತ್ತಿದ್ದರು. ನಾನು ವಿಶೇಷ ಕಾರ್ಯಕ್ರಮವೊಂದನ್ನೇ ಮಾಡಿ, ಕನ್ನಡ ಚಿತ್ರರಂಗ ಕೊನೆಗೂ ಪ್ರೌಢಾವಸ್ಥೆಗೆ ಬಂದಿದೆ, ನಿರ್ದೇಶಕರು ದ್ವಿತೀಯಾರ್ಧವನ್ನು ಗೆದ್ದಿದ್ದಾರೆ ಎಂದು ಘೋಷಿಸಿದೆ. ಇದರಲ್ಲಿ ನನ್ನಂಥ ವಿಮರ್ಶಕರ ಪಾಲೂ ಇದೆಯೆಂದು ವಿನಯದಿಂದ ಸೂಚಿಸಿದೆ.

ಮರುದಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಹಬೂಬ್ ಸಾಬ್ ಸಿಕ್ಕ. ಟಾಕೀಸಿನ ಹಳೆಯ ಆಪರೇಟರು. ಹೊಸ ಯಂತ್ರಕ್ಕೆ ಅವನ ಅಗತ್ಯ ಇರಲಿಲ್ಲ. ಮನೆಯಲ್ಲಿ ಕೂತಿದ್ದ. ನನ್ನನ್ನು ನೋಡಿ ಮಿರ್ಚಿ ಭಜಿಯ ತಟ್ಟೆ ಸರಿಸಿ ನಗತೊಡಗಿದ. ನಕ್ಕು ನಕ್ಕು ಕೆಮ್ಮಿದ.

'ಕ್ಯಾ ಮಲ್ಲಣ್ಣ, ಡೈರೆಕ್ಟರ್ ಮಂದಿ ಸುಧಾರಿಸ್ಯಾರ ಅಂದೆಲ್ಲ ನಿನ್ನಿ!'

'ಸುಧಾರಿಸಿಲ್ಲೇನು?'

'ಅರೇ ಭಾಯಿ, ಡೈರೆಕ್ಟರ್ ಸುಧಾರಿಸಿಲ್ಲ. ನಾ ಮನೀಗಿ ಹೋಗೇನಿ, ಅಷ್ಟೇ.'

ನನಗೆ ತಿಳಿಯಲಿಲ್ಲ. ಅವನು ಬಿಡಿಸಿ ಹೇಳಿದ. ಕಿಣ್ಣಿ ಸುಲ್ತಾನ ಮತ್ತು ಆಚೆಯ ಹಳ್ಳಿಗಳಿಗೆ ಸಂಜೆಯ ಕೊನೆಯ ಬಸ್ಸು ಐದೂವರೆಗೆ. ಮ್ಯಾಟಿನಿಗೆ ಬರುವವರೆಲ್ಲ ಆ ಹಳ್ಳಿಗಳವರು. ಬಸ್ಸು ತಪ್ಪಿದರೆ ಮುಂದಿನ ವಾರ ಬರುವುದಿಲ್ಲ. ಟಾಕೀಸಿನವರು ಮಂದಿ ತುಂಬಲೆಂದು ಆಟ ತಡವಾಗಿ ಶುರುಮಾಡುವವರು, ಆದರೆ ಮುಗಿಸುವುದು ಬಸ್ಸಿನ ಹೊತ್ತಿಗೇ. ಹಾಗಾಗಿ ಪ್ರತಿ ಮ್ಯಾಟಿನಿಯಲ್ಲಿ ಮಧ್ಯಂತರದ ನಂತರ ಒಂದು ರೀಲು ಹಾಕದೆ ಬಿಡುವುದು ಮಾಮೂಲು. ಅದಕ್ಕೆ ಅವರೊಳಗೆ 'ಬಸ್ಸಿನ ರೀಲು' ಎಂದೇ ಹೆಸರು. ಸಂಜೆಯ ಆಟ ಊರಿನವರದು, ಅದಕ್ಕೆ ಪೂರ್ತಿ ಹಾಕುತ್ತಿದ್ದರು.

'ಯಾವ ರೀಲ್ ಬಿಡ್ತಿದ್ದಿ?' ಎಂದು ಕೇಳಿದೆ.

'ಹಾಡಿಂದು ಬಿಟ್ರ ಮಂದಿ ಕುರ್ಚಿ ಮುರೀತಾರ. ಫೈಟಿಂದು ಬಿಟ್ರ ನನ್ನ ಮುರೀತಾರ. ಅದಕ್ಕ ಯಾವುದ್ರಾಗ ಗದ್ದಲ ಇರಾಂಗಿಲ್ಲ, ಸುಮ್ಮ ಒಬ್ರ ಮುಖ ಒಬ್ರು ನೋಡ್ತಾ ಕುಂತಿರ್ತಾರ, ಅದನ್ನ ತೆಗೀತಿದ್ದೆ.'

ಅಂದರೆ ಪ್ರತಿ ಚಿತ್ರದಲ್ಲೂ ಅದರ ಜೀವವಿದ್ದ ರೀಲು. ನಾನು ನೋಡಿದ್ದು ಉಳಿದದ್ದನ್ನು.

'ಹಗೇವಿನ ಬಾಯಿ...' ಎಂದೆ.

ಮಹಬೂಬನ ನಗು ನಿಂತಿತು. 'ಹಾಂ. ಒಬ್ಬ ಹೆಣ್ಮಗಳು ಬಗ್ಗಿ ಕೂಗ್ತಾಳ. ಹಾಡಿಲ್ಲ, ಮ್ಯೂಜಿಕ್ಕೂ ಇಲ್ಲ. ಅದೇ ಬಸ್ಸಿನ ರೀಲ್ ಆತು. ಆ ಪಿಚ್ಚರ್ ಮಾಡಿದಾಂವ ಬಂದು ಕೇಳಿದ್ದ ಪಾಪ. ಮಾಲಕ್ರು, ಪೂರಾ ಹಾಕೇವಿ ಅಂತ ಹೇಳು ಅಂದಿದ್ರು. ನಾ ಹಂಗೇ ಹೇಳಿದೆ. ಸಂಜಿಗಿ ಪೂರಾ ಹಾಕಿದ್ನಲ್ಲ, ಅದೂ ಖರೇನೇ.' ಭಜಿಯ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, 'ನಿನಗ ಗೊತ್ತದ ಅಂತ ಮಾಡಿದ್ದೆ ಮಲ್ಲಣ್ಣ. ಅಷ್ಟು ಓದಿದಾಂವ' ಎಂದ.

ಅಂದೇ ಸಾವ್ಕಾರರ ಬಳಿ ಹೋದೆ. ಟೀವಿಯಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. ಅವರು ಶಾಂತವಾಗಿ ಕೇಳಿ ಅಂದರು: 'ಇಷ್ಟು ವರ್ಷ ಇಂವ ಅರ್ಧಾ ಪಿಚ್ಚರ್ ನೋಡಿ ಮಾತಾಡ್ಯಾನ ಅಂತ ಮಂದಿಗಿ ಗೊತ್ತಾದ್ರ, ನಾಳಿ ನೀ ನಿಧನವಾರ್ತಾ ಓದಿದ್ರ ಯಾರು ನಂಬ್ತಾರ? ಸತ್ತಾಂವ ಖರೇನೇ ಸತ್ತಾನೋ ಇಲ್ಲೋ ಅಂತ ಮನೀಗಿ ಹೋಗಿ ನೋಡ್ತಾರ. ಸುಮ್ಮಿರು.'

ನಾನು ಸುಮ್ಮನಿದ್ದೆ. ಸಾವ್ಕಾರರು ತಡೆದರು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅವರು ತಡೆದಾಗ ನನ್ನ ಎದೆ ಹಗುರಾಗಿತ್ತು ಎಂಬುದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಆಳಂದದಿಂದ ಜೇವರ್ಗಿಗೆ ಬಸ್ಸಿನಲ್ಲಿ ಅರ್ಧ ದಿನದ ಹಾದಿಯೂ ಅಲ್ಲ. ಹೋಗಲಿಲ್ಲ.

ಕೇಬಲ್ ಕಾರ್ಯಕ್ರಮ ನಿಂತಿತು, ನಾನು ಮನೆಯಲ್ಲಿ ಕೂತೆ. ಹಳೆಯ ಚಿತ್ರಗಳು ಫೋನಿನಲ್ಲಿ ಪೂರ್ತಿ ಸಿಗುತ್ತವೆಂದು ತಿಳಿದು ಒಂದೊಂದೇ ನೋಡಿದೆ. ದಂಡಿಸಿದ್ದ ಎಷ್ಟೋ ಚಿತ್ರಗಳಲ್ಲಿ ಆ ಒಂದು ರೀಲು ಬರುತ್ತಿದ್ದಂತೆ ಎಲ್ಲವೂ ಕೂಡಿಕೊಂಡಿತು. ಹೊಗಳಿದ್ದ ಕೆಲವು ಚಿತ್ರಗಳಲ್ಲಿ ಅದೇ ರೀಲು ಎಷ್ಟು ದರಿದ್ರವಾಗಿತ್ತೆಂದರೆ, ನಾಲ್ಕು ರೊಟ್ಟಿ ಕೊಟ್ಟದ್ದು ನಿರ್ದೇಶಕನಿಗಲ್ಲ, ಮಹಬೂಬನಿಗೆ ಎಂದು ಅರ್ಥವಾಯಿತು. 'ಹಗೇವಿನ ಬಾಯಿ'ಯನ್ನೂ ಹುಡುಕಿದೆ. ಅದು ಎಲ್ಲಿಯೂ ಇರಲಿಲ್ಲ. ಮಹಬೂಬನೂ ಅಷ್ಟರಲ್ಲಿ ತೀರಿಕೊಂಡಿದ್ದ.

ಹೋದ ವರ್ಷ ಮಹಾನಂದಾ ನಮ್ಮ ಮನೆಗೆ ಬಂದಳು. ಸಂಗಣ್ಣನ ಮಗಳು. ಅಪ್ಪನ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಬೆರಳುಗಳಲ್ಲಿ ಮಷೀನಿನ ಎಣ್ಣೆಯ ಕರೆ ಇತ್ತು. ಸಾವ್ಕಾರರ ಮಗಳು ತನ್ನ ಮದುವೆಯ ಹಳೆಯ ಕ್ಯಾಸೆಟ್ಟನ್ನು ಕಲಬುರಗಿಯಲ್ಲಿ ಕೊಟ್ಟು ಫೋನಿಗೆ ಹಾಕಿಸಿಕೊಂಡಿದ್ದಳಂತೆ. ಮದುವೆಯ ಕ್ಯಾಸೆಟ್ಟೆಂದು ಅದೊಂದನ್ನು ಯಾರೂ ಅಳಿಸಿರಲಿಲ್ಲ. ಅದರ ಬಾಲದಲ್ಲಿ, ಮೊದಲಿನ ರೆಕಾರ್ಡಿಂಗಿನಿಂದ ಅಳಿಯದೆ ಉಳಿದ 'ಹಗೇವಿನ ಬಾಯಿ'ಯ ನನ್ನ ವಿಮರ್ಶೆ ಅಂಟಿಕೊಂಡಿತ್ತು. ಅದು ಮಂದಿಯಿಂದ ಮಂದಿಗೆ ಹಾರಿ ಜೇವರ್ಗಿ ತಲುಪಿತ್ತು.

'ಕಾಕಾ, ನನಗ ನಮ್ಮವ್ವನ ದನಿ ನೆನಪಿಲ್ರಿ' ಎಂದಳು. 'ಫೋಟೋ ಅವ. ದನಿ ಎಲ್ಲೂ ಇಲ್ಲ. ಇದ್ರಾಗ ಅದ. ಖರೆ ನೀವು ಮ್ಯಾಲ ಮಾತಾಡಾಕತ್ತೀರಿ.'

ಕಲಬುರಗಿಯ ಸ್ಟುಡಿಯೋದವರಿಗೆ ನನ್ನ ದನಿ ತೆಗೆಯಲು ಹೇಳಿದ್ದಳು. ನನ್ನದನ್ನು ತೆಗೆದರೆ ಅವ್ವನದೂ ಹೋಗುತ್ತಿತ್ತು. ಒಂದೇ ಮೈಕು. ಬೇರೆ ಕ್ಯಾಸೆಟ್ಟು ನನ್ನ ಬಳಿ ಇರಬಹುದೇ ಎಂದು ಕೇಳಲು ಬಂದಿದ್ದಳು. ಹತ್ತಿಬೀಜದ ವಿಷಯ ಹೇಳಿದೆ. ರೀಲಿನ ವಿಷಯವನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. 'ಇದನ್ನ ನಮ್ಮಪ್ಪಗ ಬಂದು ಹೇಳ್ರಿ' ಎಂದಳು.

ಹೋದೆ. ಜೇವರ್ಗಿಯ ಹೆದ್ದಾರಿಯ ಬದಿಗೆ ಅಂಗಡಿ. ಸಂಗಣ್ಣ ಸ್ಟೂಲಿನ ಮೇಲೆ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ವಿಭೂತಿ ಹಾಗೇ ಇತ್ತು. ಗುರುತು ಹಿಡಿದು ಎದ್ದು ನಿಂತ. 'ಬರ್ರಿ ಸರ, ಕುಂದರ್ರಿ' ಎಂದ.

ಎಲ್ಲವನ್ನೂ ಹೇಳಿದೆ. ಬಸ್ಸು, ಮಹಬೂಬ್, ಸಾವ್ಕಾರರು, ನನ್ನ ಹೇಡಿತನ, ಒಂದನ್ನೂ ಬಿಡಲಿಲ್ಲ. ಅವನು ಮಷೀನಿನ ದಾರ ಸುತ್ತುವ ಒಂದು ಬಾಬಿನ್ನು ಒರೆಸುತ್ತಾ ಕೇಳಿಸಿಕೊಂಡ. ಕೊನೆಗೆ ಸಮಾಧಾನ ಮಾಡುವವನಂತೆ ಅಂದ: 'ಇರ್ಲಿ ಬಿಡ್ರಿ. ಮುದುಕಗ ಛಲೋ ಅನಸ್ಲಿ ಅಂತ ಹೇಳಾಕತ್ತೀರಿ. ಆ ಸೀನ್ ಇರ್ಲಿಲ್ರಿ ಪಿಚ್ಚರ್‌ದಾಗ.'

'ಇತ್ತು ಸಂಗಣ್ಣ. ನೀವೇ ಸಂಜಿ ಆಟದಾಗ ನೋಡೀರಿ.'

'ನೋಡೇನಿ ಅಂತ ಮಾಡಿದ್ದೆ. ಆಮ್ಯಾಲ ಊರಾಗ ಎಲ್ಲಾರೂ ಇರ್ಲಿಲ್ಲ ಅಂದ್ರು. ನನ್ನ ತಲಿಯಾಗ ಇತ್ತು, ಜೋಡಸುವಾಗ ಬಿಟ್ಟೇನೋ ಏನೋ. ನೀವು ಆವತ್ತು ಹೇಳಿದ್ದೇ ಖರೆ.' ಆಮೇಲೆ ನನ್ನದೇ ಏರಿಳಿತದಲ್ಲಿ, ಒಂದಕ್ಷರ ತಪ್ಪದೆ, ಗ್ರಾಂಥಿಕ ಕನ್ನಡದಲ್ಲಿ ಹೇಳಿದ: 'ಅಂಗಡಿಯ ಬಾಗಿಲಲ್ಲಿ ತೂಗುಹಾಕಿದ ಸೀರೆ ಅಂಗಡಿಯೊಳಗೆ ಇಲ್ಲ.'

ನನ್ನ ತೀರ್ಪುಗಳಲ್ಲಿ ಹಳತಾಗದೆ ಉಳಿದದ್ದು ಅದೊಂದೇ. ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರ ನನಗೂ ಇರಲಿಲ್ಲ. ಟೀವಿಯಲ್ಲಿ ಹೇಳಿದ ಸುಳ್ಳಿನ ಮುಂದೆ ಮನೆಗೆ ಬಂದು ಹೇಳಿದ ಸತ್ಯ ನಿಲ್ಲಲಿಲ್ಲ.

ಮಹಾನಂದಾ ಫೋನು ತೆಗೆದಳು. ನಾನು ಎರಡು ವಾಕ್ಯಗಳ ನಡುವೆ ಉಸಿರೆಳೆದುಕೊಂಡ ಒಂದು ಕಡೆ ಮಾತ್ರ ಅವ್ವನ ದನಿ ಸ್ವಚ್ಛವಾಗಿ ಸಿಕ್ಕಿತ್ತು. ಅಷ್ಟನ್ನೇ ಕತ್ತರಿಸಿ ಇಟ್ಟುಕೊಂಡಿದ್ದಳು. ಹಚ್ಚಿದಳು. ಹಗೇವಿನೊಳಗೆ ಬಾಗಿದ ಹೆಣ್ಣಿನ ದನಿ: 'ಕೇಳಸ್ತದೇನ್ರೀ?' ಅಷ್ಟೇ. ಮತ್ತೆ ಹಚ್ಚಿದಳು. 'ಕೇಳಸ್ತದೇನ್ರೀ?'

ಸಂಗಣ್ಣನ ಕೈಯಲ್ಲಿನ ಬಾಬಿನ್ನು ನಿಂತಿತ್ತು. ಹೆದ್ದಾರಿಯಲ್ಲಿ ಒಂದು ಲಾರಿ ಹೋಗುವವರೆಗೆ ಕಾದು, ಅವನು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯುವ ಆಸೆಯಿತ್ತು.

'ಇದರ ಮುಂದ ಇನ್ನೊಂದು ಮಾತು ಅಂದಿದ್ಳು ಸರ. ನಾ ಬರದಿದ್ದಲ್ಲ. ಶೂಟಿಂಗ್ ದಿನ ಆಕಿನೇ ತಾನಾಗಿ ಅಂದ್ಳು, ಛಲೋ ಅದ ಅಂತ ಹಂಗೇ ಇಟ್ಟೆ. ಏನು ಅಂತ ಎಷ್ಟು ನೆನಸಿದ್ರೂ ಬರವಲ್ದು. ಕ್ಯಾಸೆಟ್ಟಿನ್ಯಾಗ ಇತ್ತು. ನೀವು ಆ ಟೀವಿ ಬಾಜೂಕೇ ಕುಂತಿದ್ರಿ. ಏನಂದ್ಳ್ರಿ?'

ಅಪ್ಪ, ಮಗಳು ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ಆ ಟೀವಿ ನನ್ನ ಎಡಗಡೆ ಒಂದು ಮೊಳ ದೂರದಲ್ಲಿತ್ತು. ಆ ಮಾತನ್ನು ಕೇಳಿಸಿಕೊಳ್ಳಬಹುದಾದಷ್ಟು ಹತ್ತಿರ ಕೂತವನು ಆ ಕೋಣೆಯಲ್ಲಿ ನಾನೊಬ್ಬನೇ. ಆದರೆ ನಾನು ಆಗ ಮಾತಾಡುತ್ತಿದ್ದೆ.